ಆ ಪೋಸ್ಟರ್ ಗೋಡೆ ಮೇಲಿದ್ದದ್ದು ಎರಡೇ ವಾರ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಮಹಿಳಾ ದಿನದ ಪುರವಣಿ ನೋಡಿದೆ. ಮೊದಲ ಪುಟದಲ್ಲೇ ಆ ಹಳದಿ ಪೋಸ್ಟರ್. ತಲೆಗೆ ಬಿಳಿ ಚುಕ್ಕಿಯ ಕೆಂಪು ಬಟ್ಟೆ ಕಟ್ಟಿ, ನೀಲಿ ಅಂಗಿಯ ತೋಳು ಮೇಲೇರಿಸಿ, ಮುಷ್ಟಿ ಬಿಗಿದು ನಿಂತ ಹುಡುಗಿ. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಅಮೆರಿಕನ್ ಹೆಂಗಸರನ್ನು ಅಡುಗೆಮನೆಯಿಂದ ಕಾರ್ಖಾನೆಗೆ ಕರೆತಂದ ರೋಸಿ ಇವಳೇ ಅಂತ ಕೆಳಗೆ ಬರೆದಿದ್ದೀರಿ. ಚಿತ್ರದ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮ ಮನೆ ಫ್ರಿಜ್ ಮೇಲೂ ಅದೇ ಹುಡುಗಿ ಇದ್ದಾಳೆ, ಮಗಳು ಕೊಡಿಸಿದ ಮ್ಯಾಗ್ನೆಟ್. ಆದರೆ ಕೆಳಗಿನ ಸಾಲು ತಪ್ಪು ಸ್ವಾಮಿ. ಸಣ್ಣ ತಪ್ಪಾಗಿದ್ದರೆ ಸುಮ್ನೆ ಇದ್ದುಬಿಡುತ್ತಿದ್ದೆ.

ಆ ಪೋಸ್ಟರ್ ಬರೆದವರು ಜೆ. ಹೋವರ್ಡ್ ಮಿಲ್ಲರ್ ಅನ್ನುವ ಪಿಟ್ಸ್‌ಬರ್ಗಿನ ಕಲಾವಿದ. ಬರೆಸಿದ್ದು ವೆಸ್ಟಿಂಗ್‌ಹೌಸ್ ಕಂಪನಿ, ತನ್ನದೇ ಕಾರ್ಖಾನೆಗಳ ಒಳಗೆ ಅಂಟಿಸುವುದಕ್ಕೆ. 1943ರ ಫೆಬ್ರವರಿಯಲ್ಲಿ ಎರಡು ವಾರ ಗೋಡೆ ಮೇಲಿತ್ತು, ಆಮೇಲೆ ಅಲ್ಲಿಗೆ ಬೇರೆ ಪೋಸ್ಟರ್ ಬಂತು. ಅಚ್ಚಾದದ್ದೇ ಎರಡು ಸಾವಿರಕ್ಕಿಂತ ಕಡಿಮೆ ಪ್ರತಿ. ಅದನ್ನು ನೋಡಿದವರು ಆಗಲೇ ಅಲ್ಲಿ ಕೆಲಸಕ್ಕಿದ್ದವರು. ಹೊರಗಿನ ಯಾರನ್ನೂ ಅದು ಕರೆಯಲಿಲ್ಲ. ಒಳಗಿದ್ದವರು ರಜೆ ಗಿಜೆ ಹಾಕದೆ ದುಡಿಯಲಿ ಅಂತ ಹಾಕಿದ್ದು. ಅವಳಿಗೆ ರೋಸಿ ಅನ್ನುವ ಹೆಸರೂ ಆಗ ಇರಲಿಲ್ಲ. ಆ ಹೆಸರು ಬಂದದ್ದು ಒಂದು ಹಾಡಿನಿಂದ. ಯುದ್ಧದ ಕಾಲದ ಜನ ನೋಡಿದ ರೋಸಿ ನಾರ್ಮನ್ ರಾಕ್‌ವೆಲ್ ಬರೆದವಳು, 1943ರ ಮೇ ಕೊನೆಯಲ್ಲಿ ಒಂದು ವಾರಪತ್ರಿಕೆಯ ಮುಖಪುಟದಲ್ಲಿ ಬಂದವಳು. ದಪ್ಪ ತೋಳು, ತೊಡೆ ಮೇಲೆ ರಿವೆಟ್ ಗನ್ (ಲೋಹದ ತಗಡುಗಳನ್ನು ಜೋಡಿಸುವ ಮೊಳೆ ಹೊಡೆಯುವ ಯಂತ್ರ), ಕೈಯಲ್ಲಿ ಸ್ಯಾಂಡ್‌ವಿಚ್. ನಿಮ್ಮ ಹಳದಿ ಹುಡುಗಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಜನ ಕಾಫಿ ಕಪ್, ಟೀಶರ್ಟಿನ ಮೇಲೆಲ್ಲ ಹಾಕಿಕೊಳ್ಳಲು ಶುರು ಮಾಡಿದ್ದು 1980ರ ಆಚೆಗೆ.

ನಾನು ಇತಿಹಾಸ ಓದಿದವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ 28 ವರ್ಷ ಬೆಸುಗೆ ಹಾಕಿ ನಿವೃತ್ತಳಾದವಳು. ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾಳೆ. ಬಾಣಂತನಕ್ಕೆ ಅಂತ ಹೋದವಳು ಆರು ತಿಂಗಳು ಇದ್ದೆ. ಒಂದು ಭಾನುವಾರ ಅಳಿಯ, "ಅತ್ತೆ, ನಿಮ್ಮಂಥ ಫ್ಯಾಕ್ಟರಿ ಹೆಂಗಸರ ಮ್ಯೂಸಿಯಂ ಇದೆ, ಬನ್ನಿ" ಅಂತ ರಿಚ್ಮಂಡ್ ಊರಿಗೆ ಕರಕೊಂಡು ಹೋದ. ಸಮುದ್ರದ ದಂಡೆಯಲ್ಲಿ, ಹಳೆಯ ಹಡಗುಕಟ್ಟೆಯ ಜಾಗದಲ್ಲಿ. ಆವತ್ತಿನಿಂದ ಈ ವಿಷಯ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಮೊಮ್ಮಗು ಮಲಗಿದ ಮೇಲೆ ನನಗೆ ಬೇರೆ ಕೆಲಸ ಏನಿತ್ತು ಅಲ್ಲಿ?

ಈಗ ವಿಷಯಕ್ಕೆ ಬರುತ್ತೇನೆ. ಅದೇ ಪಿಟ್ಸ್‌ಬರ್ಗಿನಲ್ಲಿ, ಆ ಪೋಸ್ಟರಿಗೂ ಒಂದು ವರ್ಷ ಮೊದಲು, ಥೇಟ್ ಹೀಗೇ ಸಂಪಾದಕರಿಗೆ ಒಂದು ಕಾಗದ ಬಂತು. ಪತ್ರಿಕೆಯ ಹೆಸರು ಪಿಟ್ಸ್‌ಬರ್ಗ್ ಕೊರಿಯರ್, ಕಪ್ಪು ಅಮೆರಿಕನ್ನರ ದೊಡ್ಡ ಪತ್ರಿಕೆ. ಬರೆದವನು ಜೇಮ್ಸ್ ಜಿ. ಥಾಂಪ್ಸನ್, ವಯಸ್ಸು 26. ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಲ್ಲಿ ವಿಮಾನ ಮಾಡುವ ಸೆಸ್ನಾ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕೆಲಸ ಎಲ್ಲಿ ಅಂತೀರಿ? ಕ್ಯಾಂಟೀನಿನಲ್ಲಿ. ವಿಮಾನ ಮಾಡುವ ಜಾಗಕ್ಕೆ ಅವನಂಥವರಿಗೆ ಪ್ರವೇಶ ಇರಲಿಲ್ಲ. 1942ರ ಜನವರಿ 31ರ ಸಂಚಿಕೆಯಲ್ಲಿ ಕಾಗದ ಅಚ್ಚಾಯಿತು. ಅರ್ಧ ಅಮೆರಿಕನ್ ಆಗಿ ಬದುಕುವುದಕ್ಕೆ ನಾನು ಪೂರ್ತಿ ಪ್ರಾಣ ಕೊಡಬೇಕಾ ಅಂತ ಅವನು ಕೇಳಿದ್ದ. ಎಲ್ಲರೂ ಆಗ ಎರಡು ಬೆರಳೆತ್ತಿ ವಿಜಯದ 'ವಿ' ತೋರಿಸುತ್ತಿದ್ದ ಕಾಲ. ನಮಗೆ ಒಂದು ವಿ ಸಾಲದು, ಎರಡು ಬೇಕು, ಹೊರಗಿನ ಶತ್ರುವಿನ ಮೇಲೆ ಒಂದು, ಒಳಗಿನ ಶತ್ರುವಿನ ಮೇಲೆ ಇನ್ನೊಂದು ಅಂದ. ಮುಂದಿನ ವಾರವೇ ಪತ್ರಿಕೆ ಎರಡು ವಿ ಇರುವ ಲಾಂಛನ ಮಾಡಿಸಿ ಮೊದಲ ಪುಟದಲ್ಲಿ ಹಾಕಿತು. ಜನ ಅದನ್ನು ಕೋಟಿಗೆ ಸಿಕ್ಕಿಸಿಕೊಂಡರು, ಹೆಂಗಸರು ಕೂದಲನ್ನು ಎರಡು ವಿ ಆಕಾರಕ್ಕೆ ಬಾಚಿಕೊಂಡರು. ಕ್ಯಾಂಟೀನ್ ಹುಡುಗನ ಒಂದು ಕಾಗದದಿಂದ ಇಷ್ಟೆಲ್ಲ. ಸರ್ಕಾರದೊಳಗೆ ಕೆಲವರಿಗೆ ಇಂಥ ಪತ್ರಿಕೆಗಳ ಮೇಲೆ ದೇಶದ್ರೋಹದ ಕೇಸು ಹಾಕುವ ಆಸೆಯೂ ಇತ್ತು. ಪುಣ್ಯಕ್ಕೆ ಹಾಕಲಿಲ್ಲ.

ಎರಡು ವಾರ ಗೋಡೆ ಮೇಲಿದ್ದ ಚಿತ್ರ ಎಲ್ಲರಿಗೂ ಗೊತ್ತು. ಈ ಕಾಗದ ಯಾರಿಗೆ ಗೊತ್ತು?

ಹೆಂಗಸರು ಕಾರ್ಖಾನೆಗೆ ಬಂದದ್ದು ಸುಳ್ಳಲ್ಲ. 1940ರಲ್ಲಿ ದುಡಿಯುತ್ತಿದ್ದ ಹೆಂಗಸರು ಸುಮಾರು 1 ಕೋಟಿ 20 ಲಕ್ಷ, 1945ರ ಹೊತ್ತಿಗೆ 1 ಕೋಟಿ 90 ಲಕ್ಷದ ಹತ್ತಿರ. ಆದರೆ ಎಲ್ಲರೂ ಅಡುಗೆಮನೆಯಿಂದ ನೇರ ಎದ್ದು ಬಂದವರಲ್ಲ. ಎಷ್ಟೋ ಜನ ಹೋಟೆಲು, ಲಾಂಡ್ರಿ, ಅಂಗಡಿ ಅಂತ ಕಡಿಮೆ ಸಂಬಳಕ್ಕೆ ಆಗಲೇ ದುಡಿಯುತ್ತಿದ್ದರು, ಜಾಸ್ತಿ ದುಡ್ಡು ಸಿಗುತ್ತದೆ ಅಂತ ಹಡಗು, ವಿಮಾನದ ಕೆಲಸಕ್ಕೆ ಹಾರಿದರು. ಕಪ್ಪು ಹೆಂಗಸರಂತೂ ಅಡುಗೆಮನೆಯಲ್ಲೇ ಇದ್ದರು ನಿಜ, ಆದರೆ ಬೇರೆಯವರ ಅಡುಗೆಮನೆಯಲ್ಲಿ. ಯುದ್ಧಕ್ಕೆ ಮೊದಲು ಅವರಲ್ಲಿ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಗೆಲಸದವರು. ಲಾಸ್ ಏಂಜಲೀಸಿನ ವಿಮಾನ ಕಾರ್ಖಾನೆಯಲ್ಲಿ ದುಡಿದ ಫ್ಯಾನಿ ಕ್ರಿಸ್ಟಿನಾ ಹಿಲ್ ಅನ್ನುವವರು ತಮ್ಮ ಅಕ್ಕತಂಗಿಯ ಮಾತನ್ನು ನೆನೆಸಿಕೊಂಡು ಹೇಳಿದ್ದರು, ನಮ್ಮನ್ನು ಬಿಳಿಯರ ಅಡುಗೆಮನೆಯಿಂದ ಬಿಡಿಸಿದವನು ಹಿಟ್ಲರ್ ಅಂತ. ನಗುವುದೋ ಅಳುವುದೋ ನೀವೇ ಹೇಳಿ.

ಆ ಬಾಗಿಲೂ ತಾನಾಗಿ ತೆಗೆದುಕೊಳ್ಳಲಿಲ್ಲ. 1941ರಲ್ಲಿ ರೈಲು ಬೋಗಿಗಳ ಕಪ್ಪು ಕೆಲಸಗಾರರ ಸಂಘದ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಅಧ್ಯಕ್ಷ ರೂಸ್‌ವೆಲ್ಟ್ ಎದುರಿಗೇ ಕೂತು, ನಮ್ಮವರಿಗೂ ಯುದ್ಧದ ಕೆಲಸ ಕೊಡಿ, ಇಲ್ಲದಿದ್ದರೆ ಜುಲೈ 1ಕ್ಕೆ ಲಕ್ಷ ಜನ ವಾಷಿಂಗ್ಟನ್ನಿಗೆ ನಡೆದು ಬರುತ್ತಾರೆ ಅಂದರು. ಅದಾಗಿ ಒಂದು ವಾರಕ್ಕೆ, ಜೂನ್ 25ಕ್ಕೆ, ಆದೇಶ ಸಂಖ್ಯೆ 8802 ಹೊರಬಿತ್ತು. ಯುದ್ಧಸಾಮಗ್ರಿ ಮಾಡುವ ಕಡೆ ಬಣ್ಣ, ಜನಾಂಗ, ಧರ್ಮ ನೋಡಿ ಕೆಲಸ ನಿರಾಕರಿಸುವ ಹಾಗಿಲ್ಲ ಅಂತ. ಮೆರವಣಿಗೆ ನಿಂತಿತು. ಒಬ್ಬರೂ ನಡೆಯದೇ ಗೆದ್ದ ಮೆರವಣಿಗೆ ಅದು. (ಇದೇ ರ‍್ಯಾಂಡಾಲ್ಫ್ ಆಮೇಲೆ ಗಾಂಧಿಯವರ ದಾರಿಯಲ್ಲಿ ಅಸಹಕಾರ ಮಾಡೋಣ ಅಂತಲೂ ತಮ್ಮವರಿಗೆ ಹೇಳಿದ್ದರು.) ಗಮನಿಸಿ, ಆ ಆದೇಶದಲ್ಲಿ ಹೆಂಗಸು ಅನ್ನುವ ಮಾತಿಲ್ಲ.

ಆದೇಶ ಬಂದ ಮಾತ್ರಕ್ಕೆ ಪಕ್ಕದ ಮೇಜಿನವರ ಮನಸ್ಸು ಬದಲಾಗುತ್ತದಾ? 1943ರ ಜೂನ್‌ನಲ್ಲಿ ಡೆಟ್ರಾಯಿಟಿನ ಪ್ಯಾಕರ್ಡ್ ಕಾರ್ಖಾನೆಯಲ್ಲಿ ಮೂವರು ಕಪ್ಪು ಕೆಲಸಗಾರರಿಗೆ ಬಡ್ತಿ ಕೊಟ್ಟಿದ್ದಕ್ಕೆ 25 ಸಾವಿರ ಬಿಳಿಯರು ಕೆಲಸ ಬಿಟ್ಟು ಹೊರಬಂದರು. ಮೂವರಿಗೆ! ಅದೇ ತಿಂಗಳು ಅದೇ ಊರಿನಲ್ಲಿ ದಂಗೆಯಾಗಿ 34 ಜನ ಸತ್ತರು, ಅದರಲ್ಲಿ 25 ಜನ ಕಪ್ಪು ಜನಾಂಗದವರು. ಮುಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಎಂಟು ಮಂದಿ ಕಪ್ಪು ಕೆಲಸಗಾರರಿಗೆ ಟ್ರಾಮ್ ಓಡಿಸುವ ತರಬೇತಿ ಕೊಡುತ್ತಾರೆ ಅಂತ ಬಿಳಿಯರು ಕೆಲಸ ಬಿಟ್ಟು ಊರಿಗೆ ಊರೇ ಸಂಚಾರ ನಿಂತಿತು, ಕೊನೆಗೆ ಸೈನಿಕರು ಬಂದು ಟ್ರಾಮುಗಳನ್ನು ಕಾಯಬೇಕಾಯಿತು.

ಹೆಂಗಸರು ಹೆಂಗಸರ ಜತೆ ನಿಲ್ಲುತ್ತಾರೆ ಅಂತ ನಿಮ್ಮ ಪುರವಣಿಯಲ್ಲಿ ಬರೆದಿದ್ದಿರಲ್ಲ, ಅದಕ್ಕೆ ಇದನ್ನು ಹೇಳಲೇಬೇಕು. 1943ರ ಕೊನೆಯಲ್ಲಿ ಬಾಲ್ಟಿಮೋರಿನ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಬಿಳಿಯರು ಮುಷ್ಕರ ಹೂಡಿದ್ದು ಯಾವುದಕ್ಕೆ ಗೊತ್ತಾ? ಶೌಚಾಲಯಕ್ಕೆ. ಕಪ್ಪು ಜನ ಹೋಗುವ ಶೌಚಾಲಯಕ್ಕೆ ನಾವು ಹೋಗುವುದಿಲ್ಲ, ಬೇರೆ ಕಟ್ಟಿಸಿ ಅಂತ. ಸೇನೆಯೇ ಕಾರ್ಖಾನೆಯನ್ನು ವಶಕ್ಕೆ ತಗೊಂಡಿತು. ಇದನ್ನು ಓದಿದಾಗ ನನಗೆ ಅಮೆರಿಕ ನೆನಪಾಗಲಿಲ್ಲ. ನಮ್ಮ ಕಾರ್ಖಾನೆಯ ಊಟದ ಹಾಲ್ ನೆನಪಾಯಿತು, ಯಾರ ಟಿಫಿನ್ ಡಬ್ಬಿ ಪಕ್ಕ ಯಾರು ಕೂರುತ್ತಿರಲಿಲ್ಲ ಅನ್ನುವುದು ನೆನಪಾಯಿತು. ಅಷ್ಟು ಸಾಕು, ಇಲ್ಲಿಗೆ ಬಿಡುತ್ತೇನೆ.

ಒಬ್ಬ ಹೆಂಗಸು ಈ ಊಟದ ಮೇಜಿನ ವಿಷಯದಲ್ಲಿ ಮಾಡಿದ ಕೆಲಸ ನನಗೆ ಬಹಳ ಇಷ್ಟ. ವರ್ಜೀನಿಯಾದ ಲ್ಯಾಂಗ್ಲಿ ವಿಮಾನ ಸಂಶೋಧನಾ ಕೇಂದ್ರದಲ್ಲಿ 1943ರಿಂದ ಲೆಕ್ಕ ಹಾಕುವ ಕೆಲಸಕ್ಕೆ ಗಣಿತ ಓದಿದ ಕಪ್ಪು ಹೆಂಗಸರನ್ನು ತೆಗೆದುಕೊಂಡರು, ಆದೇಶ 8802ರ ನಂತರ ಸಿಕ್ಕಿದ ಕೆಲಸ ಇದು. ಕ್ಯಾಂಟೀನಿನಲ್ಲಿ ಅವರ ಮೇಜಿನ ಮೇಲೆ ಮಾತ್ರ ಒಂದು ಫಲಕ, ಇದು ಕಪ್ಪು ಲೆಕ್ಕಿಗರ ಮೇಜು ಅಂತ. ಮಿರಿಯಂ ಮ್ಯಾನ್ ಅನ್ನುವವರು ಒಂದು ದಿನ ಆ ಫಲಕ ತೆಗೆದು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಮತ್ತೆ ಹೊಸ ಫಲಕ ಬಂತು. ಅದನ್ನೂ ಚೀಲಕ್ಕೆ ಹಾಕಿಕೊಂಡರು. ಹೀಗೇ ನಡೆದು ನಡೆದು ಕೊನೆಗೆ ಫಲಕ ಇಡುವವರಿಗೇ ಸಾಕಾಯಿತು. ಭಾಷಣ ಇಲ್ಲ, ಮುಷ್ಟಿ ಇಲ್ಲ. ಈ ಕೈಚೀಲದ ಚಿತ್ರ ಯಾವ ಮ್ಯಾಗ್ನೆಟ್ ಮೇಲೂ ಇಲ್ಲ ನೋಡಿ.

ರಿಚ್ಮಂಡಿನ ಮಾತಿಗೆ ಬರುತ್ತೇನೆ. ಆ ಊರಲ್ಲಿ ಕೈಸರ್ ಕಂಪನಿಯ ನಾಲ್ಕು ಹಡಗುಕಟ್ಟೆಗಳಿದ್ದವು, ಯುದ್ಧ ಮುಗಿಯುವಷ್ಟರಲ್ಲಿ 747 ಹಡಗು ನೀರಿಗಿಳಿದವು. 1942ರ ನವೆಂಬರ್‌ನಲ್ಲಿ ಒಂದು ಹಡಗನ್ನು ಐದು ದಿನವೂ ತುಂಬದಂತೆ ಕಟ್ಟಿ ಬಿಸಾಕಿದರಂತೆ. 23 ಸಾವಿರ ಜನರಿದ್ದ ಊರು ನೋಡನೋಡುತ್ತ ಲಕ್ಷದ ಹತ್ತಿರ ಹೋಯಿತು. ಮಲಗಲು ಜಾಗವಿಲ್ಲದೆ ಒಂದೇ ಹಾಸಿಗೆಯನ್ನು ಶಿಫ್ಟ್ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು, ಒಬ್ಬರು ಎದ್ದು ಹೋಗುವಾಗ ಇನ್ನೊಬ್ಬರು ಬಂದು ಬೀಳುವುದು.

ಅಲ್ಲಿ ಬೆಟ್ಟಿ ರೀಡ್ ಸೋಸ್ಕಿನ್ ಅನ್ನುವ ಕಪ್ಪು ಹುಡುಗಿ ಕೆಲಸ ಮಾಡಿದ್ದರು, 20 ದಾಟಿದ ವಯಸ್ಸು. ಹಡಗಿನ ಕೆಲಸವಲ್ಲ, ಯೂನಿಯನ್ ಕಚೇರಿಯಲ್ಲಿ ಕೆಲಸಗಾರರ ವಿಳಾಸ ಬದಲಾದ ಕಾರ್ಡುಗಳನ್ನು ಜೋಡಿಸಿಡುವುದು. ಅದು ಬಾಯ್ಲರ್ ಕೆಲಸಗಾರರ ಯೂನಿಯನ್ನಿನ ಉಪಘಟಕ, ಕಪ್ಪು ಜನರಿಗೇ ಅಂತ ಬೇರೆ ಮಾಡಿದ್ದು. ಚಂದಾ ಕಟ್ಟಬೇಕು, ಮುಖ್ಯ ಯೂನಿಯನ್ನಿನಲ್ಲಿ ಮತ ಇಲ್ಲ. ಚಂದಾ ಕಟ್ಟದಿದ್ದರೆ ಕೆಲಸವೂ ಇಲ್ಲ. ಈ ಪದ್ಧತಿ ತಪ್ಪು ಅಂತ ಜೋಸೆಫ್ ಜೇಮ್ಸ್ ಅನ್ನುವ ಹಡಗು ಕೆಲಸಗಾರ ಕೋರ್ಟಿಗೆ ಹೋಗಿ ಗೆದ್ದರು, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಯುದ್ಧವೇ ಮುಗಿಯುತ್ತಾ ಬಂದಿತ್ತು. ಬೆಟ್ಟಿಯವರು 85 ದಾಟಿದ ಮೇಲೆ ಅದೇ ಮ್ಯೂಸಿಯಂ ಇರುವ ರಾಷ್ಟ್ರೀಯ ಉದ್ಯಾನದಲ್ಲಿ ರೇಂಜರ್ ಆದರು. ನಿವೃತ್ತಿ 2022ರಲ್ಲಿ, 100 ವರ್ಷ ತುಂಬಿದ ಮೇಲೆ. ನಾನು ರೋಸಿ ಅಲ್ಲ, ರೋಸಿ ಬಿಳಿಯ ಹೆಂಗಸರ ಕಥೆ, ಯುದ್ಧ ಪೂರ್ತಿ ನಾನೊಂದು ಹಡಗನ್ನೂ ಹತ್ತಿರದಿಂದ ನೋಡಲಿಲ್ಲ ಅಂತ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ರೋಸಿಯ ಹೆಸರಿಟ್ಟುಕೊಂಡ ಉದ್ಯಾನದ ಸಮವಸ್ತ್ರ ಹಾಕಿಕೊಂಡೇ!

ಇನ್ನು ಜಪಾನಿ ಮೂಲದವರು. ನಿಮ್ಮ ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ. 1942ರ ಫೆಬ್ರವರಿ 19ರಂದು ಅದೇ ರೂಸ್‌ವೆಲ್ಟ್ ಆದೇಶ 9066ಕ್ಕೂ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1 ಲಕ್ಷ 20 ಸಾವಿರ ಜನರನ್ನು, ಅವರಲ್ಲಿ ಮೂರನೇ ಎರಡು ಪಾಲು ಅಲ್ಲೇ ಹುಟ್ಟಿದ ನಾಗರಿಕರು, ಮನೆಯಿಂದ ಎಬ್ಬಿಸಿ ಮುಳ್ಳುತಂತಿಯ ಒಳಗೆ ಹಾಕಿದರು. ಕೈಯಲ್ಲಿ ಹೊರುವಷ್ಟು ಮಾತ್ರ ತರಬಹುದು. ಮೊದಲಿಗೆ ಕೆಲವರನ್ನು ಇಟ್ಟದ್ದು ರೇಸ್‌ಕೋರ್ಸಿನ ಕುದುರೆ ಲಾಯಗಳಲ್ಲಿ. ಆಮೇಲೆ ಮರುಭೂಮಿಯ ಶಿಬಿರಗಳು. ಮಾಂಜನಾರ್ ಶಿಬಿರದ ಹೆಂಗಸರ ಶೌಚಾಲಯದಲ್ಲಿ ಮೊದಲು ಅಡ್ಡಗೋಡೆಯೇ ಇರಲಿಲ್ಲ, ಸಾಲಾಗಿ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಸುತ್ತ ನಿಲ್ಲಿಸಿಕೊಳ್ಳುತ್ತಿದ್ದರು, ಕೆಲವರು ಮಧ್ಯರಾತ್ರಿವರೆಗೆ ತಡೆದುಕೊಂಡಿರುತ್ತಿದ್ದರು. ಹೆಣ್ಣಾದವಳಿಗೆ ಇದನ್ನು ವಿವರಿಸಿ ಹೇಳುವುದೇ ಬೇಡ.

ಆ ಶಿಬಿರದಲ್ಲೂ ಅವರು ಯುದ್ಧದ ಕೆಲಸ ಮಾಡಿದರು, ಸ್ವಾಮಿ. ಸೇನೆಗೆ ಮರೆಮಾಚುವ ದೊಡ್ಡ ದೊಡ್ಡ ಬಲೆ, ತೂಗುಹಾಕಿದ ಬಲೆಗೆ ಹಸಿರು ಕಂದು ಬಟ್ಟೆಪಟ್ಟಿ ಸಿಕ್ಕಿಸಿ ಹೆಣೆಯುವುದು, ಧೂಳು ಉಸಿರಾಡಿಕೊಂಡು. ಶಿಬಿರಗಳಲ್ಲಿ ಸಂಬಳ ತಿಂಗಳಿಗೆ 12, 16, 19 ಡಾಲರ್. ಡಾಕ್ಟರಾದರೂ 19ರ ಮೇಲಿಲ್ಲ. ಹೊರಗೆ ಹಡಗುಕಟ್ಟೆಯಲ್ಲಿ ಒಬ್ಬ ಹೆಂಗಸು ಅಷ್ಟನ್ನು ಒಂದು ವಾರದೊಳಗೆ ದುಡಿಯುತ್ತಿದ್ದಳು. ಸರ್ಕಾರ ತಪ್ಪಾಯಿತು ಅಂದದ್ದು 1988ರಲ್ಲಿ, ಬದುಕಿದ್ದವರಿಗೆ ತಲಾ 20 ಸಾವಿರ ಡಾಲರ್ ಜತೆಗೆ.

ನಮ್ಮವರ ಗತಿಯೂ ಆಗ ದೊಡ್ಡದೇನಲ್ಲ. 1923ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ನಾಗರಿಕರಾಗುವಂತಿಲ್ಲ ಅಂದಿತ್ತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿದ್ದ ಪಂಜಾಬಿಗಳು ಯುದ್ಧದುದ್ದಕ್ಕೂ ಬೆಳೆ ಬೆಳೆದು ಕೊಟ್ಟರು, ತಮ್ಮ ಹೆಸರಲ್ಲಿ ಜಮೀನು ಮಾಡಿಕೊಳ್ಳುವಂತಿರಲಿಲ್ಲ. 1946ರ ಜುಲೈನಲ್ಲಿ ಕಾನೂನು ಬದಲಾಗಿ ವರ್ಷಕ್ಕೆ 100 ಭಾರತೀಯರು ಬರಬಹುದು, ನಾಗರಿಕರೂ ಆಗಬಹುದು ಅಂತಾಯಿತು. ನೂರು! ಫ್ರೀಮಾಂಟ್‌ನಲ್ಲಿ ಮಗಳ ಬೀದಿಯಲ್ಲೇ ಅಷ್ಟು ಜನ ನಮ್ಮವರಿದ್ದಾರೆ.

ಬೆಂಗಳೂರಿಗೂ ಇದಕ್ಕೂ ಒಂದು ನಂಟಿದೆ. ನಮ್ಮ ಮಾವನವರು ಯುದ್ಧದ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ಫಿಟ್ಟರ್. 1943ರಿಂದ ಅಲ್ಲಿ ಅಮೆರಿಕದ ವಾಯುಸೇನೆಯವರದ್ದೇ ಕಾರುಬಾರು, ಅವರ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಕ್ಯಾಟಲೀನಾ ಅಂತ ನೀರಿನ ಮೇಲೆ ಇಳಿಯುವ ವಿಮಾನದ ರೆಕ್ಕೆ ಬಿಚ್ಚಿ ಜೋಡಿಸಿದ್ದನ್ನು ಮಾವನವರು ಸಾಯುವವರೆಗೂ ಹೇಳುತ್ತಿದ್ದರು. ಕ್ಯಾಟಲೀನಾ ತಯಾರಾಗುತ್ತಿದ್ದ ಸ್ಯಾನ್ ಡಿಯಾಗೋ ಕಾರ್ಖಾನೆಯಲ್ಲಿ ಸಾವಿರಾರು ಹೆಂಗಸರಿದ್ದರು. ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಒಬ್ಬಳು ಗನ್ ಹಿಡಿದು ಒಂದು ಬದಿಯಿಂದ ಹೊಡೆದರೆ, ಇನ್ನೊಬ್ಬಳು ರೆಕ್ಕೆಯ ಒಳಗೆ ತೂರಿಕೊಂಡು ಆ ಬದಿಯಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಮುಖ ಕಾಣುವುದಿಲ್ಲ, ಬಡಿತದ ಲೆಕ್ಕದಲ್ಲೇ ಮಾತುಕತೆ. ಮಾವನವರು ಬಿಚ್ಚಿದ ರಿವೆಟ್ಟುಗಳಲ್ಲಿ ಎಷ್ಟೋ ಹೆಂಗಸರು ಹೊಡೆದವು. ಅವರಿದ್ದಾಗ ನನಗೆ ಇದು ಗೊತ್ತಿದ್ದರೆ ಹೇಳುತ್ತಿದ್ದೆ, ನಂಬುತ್ತಿದ್ದರೋ ಇಲ್ಲವೋ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹಡಗೂ ಅಲ್ಲ ವಿಮಾನವೂ ಅಲ್ಲ, ಮಕ್ಕಳ ಕೋಣೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಅದೇ ಕೈಸರ್ ಕಂಪನಿ 1943ರ ನವೆಂಬರ್‌ನಲ್ಲಿ ಎರಡು ಹಡಗುಕಟ್ಟೆಗಳ ಗೇಟಿನ ಬಳಿಯೇ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಕಟ್ಟಿಸಿತು. ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಬೆನ್ನು ಹತ್ತಿದ್ದರಂತೆ. ಒಂದೂವರೆ ವರ್ಷದಿಂದ ಆರು ವರ್ಷದ ಮಕ್ಕಳಿಗೆ. ರಾತ್ರಿ ಪಾಳಿಯ ಅಮ್ಮಂದಿರಿಗೂ ತೆರೆದಿರುತ್ತಿತ್ತು. ಚಕ್ರದಂತೆ ದುಂಡಗಿನ ಕಟ್ಟಡ, ಕಿಟಕಿಯಲ್ಲಿ ನಿಂತರೆ ಅಮ್ಮ ಕೆಲಸ ಮಾಡುವ ಹಡಗುಕಟ್ಟೆ ಕಾಣುತ್ತದೆ. ಮಕ್ಕಳ ಸ್ನಾನದ ತೊಟ್ಟಿಯನ್ನು ಎತ್ತರಕ್ಕೆ ಕೂರಿಸಿದ್ದರು, ನೋಡಿಕೊಳ್ಳುವವರ ಸೊಂಟ ನೋಯದಿರಲಿ ಅಂತ. ಶಿಫ್ಟ್ ಮುಗಿಸಿ ಬಂದ ಅಮ್ಮ ಮಗುವಿನ ಜತೆ, ಮೊದಲೇ ಹೇಳಿಟ್ಟಿದ್ದರೆ, ರಾತ್ರಿ ಊಟದ ಪೊಟ್ಟಣವನ್ನೂ ಕೊಂಡು ಮನೆಗೆ ಹೋಗಬಹುದು.

ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚುಮರೆ ಏನು. ನಮ್ಮ ಕಾರ್ಖಾನೆಯಲ್ಲೂ ಕಾನೂನಿಗೆ ಅಂತ ಮಕ್ಕಳ ಕೋಣೆ ಇತ್ತು. ಒಂದು ತೊಟ್ಟಿಲು, ಒಬ್ಬ ಆಯಾ, ಮೂಲೆಯಲ್ಲಿ ಹಳೆ ಕಡತಗಳ ಕಟ್ಟು. ನಮ್ಮ ಶಿಫ್ಟ್ ಬೆಳಿಗ್ಗೆ 6ಕ್ಕೆ. ಕೋಣೆಯ ಬೀಗ ತೆಗೆಯುತ್ತಿದ್ದದ್ದು 9ಕ್ಕೆ. ನಡುವಿನ ಮೂರು ಗಂಟೆ ನನ್ನ ಮಗಳು ಪಕ್ಕದ ಮನೆ ಲಕ್ಷ್ಮಿ ಪೂಜೆಯ ಮಣೆ ಮೇಲೆ ಕೂತು ಕಳೆದವಳು. ಈಗ ಫ್ರೀಮಾಂಟ್‌ನಲ್ಲಿ ತನ್ನ ಮಗುವಿನ ಡೇಕೇರಿಗೆ ಅವಳು ಕೊಡುವ ದುಡ್ಡು ಕೇಳಿದರೆ ನಿಮಗೆ ತಲೆ ತಿರುಗುತ್ತದೆ.

ಅಮೆರಿಕದಲ್ಲಿ ಅದೊಂದೇ ಅಲ್ಲ, ಸರ್ಕಾರವೂ ಯುದ್ಧದ ಕೆಲಸದ ಊರುಗಳಲ್ಲಿ ಮಕ್ಕಳ ಕೇಂದ್ರಗಳಿಗೆ ದುಡ್ಡು ಕೊಟ್ಟಿತು, ಒಟ್ಟು 5 ಲಕ್ಷಕ್ಕೂ ಹೆಚ್ಚು ಮಕ್ಕಳು ಅವುಗಳಲ್ಲಿ ಬೆಳೆದರು. ಯುದ್ಧ ಮುಗಿಯಿತು. ಪೋರ್ಟ್‌ಲ್ಯಾಂಡಿನ ಕೇಂದ್ರಗಳಿಗೆ 1945ರಲ್ಲೇ ಬೀಗ. ಸರ್ಕಾರದ ದುಡ್ಡು 1946ರಲ್ಲಿ ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಅಮ್ಮಂದಿರು ಗಲಾಟೆ ಮಾಡಿ ಉಳಿಸಿಕೊಂಡರು. ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ನಾವು ಕೆಲಸ ಬಿಡುವುದಿಲ್ಲ ಅಂತ ಸಮೀಕ್ಷೆಯಲ್ಲಿ ಹೇಳಿದ್ದರು. ಕೇಳಿದವರು ಯಾರು? ಗಂಡಸರು ವಾಪಸ್ ಬಂದರು, ನೀವು ಮನೆಗೆ ನಡೀರಿ ಅಂದರು. ಮೊದಲು ಹೊರಗೆ ಹೋದವರು ಕಡೆಗೆ ಸೇರಿದವರು, ಅಂದರೆ ಕಪ್ಪು ಹೆಂಗಸರು.

ತಿದ್ದುಪಡಿ ಹಾಕುವುದಾದರೆ ಮೂಲೆಯಲ್ಲಿ ಎರಡು ಸಾಲು ಸಾಕು, ಕ್ಷಮೆಗಿಮೆ ಬೇಡ. ಮುಂದಿನ ವರ್ಷ ಮಾತ್ರ ಆ ಹಳದಿ ಚಿತ್ರ ಬಿಟ್ಟು ಆ ಎತ್ತರದ ಸ್ನಾನದ ತೊಟ್ಟಿಯ ಫೋಟೋ ಹುಡುಕಿ ಹಾಕಿ. ಪಕ್ಕದಲ್ಲಿ ನಮ್ಮ ಊರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಮಕ್ಕಳ ಕೋಣೆಗಳ ಮೇಲೆ ಒಂದು ವರದಿ ಬರಲಿ. ನಿಮ್ಮ ವರದಿಗಾರರನ್ನು ಕಳಿಸುವುದಾದರೆ ಶಿಫ್ಟ್ ಶುರುವಾಗುವ ಹೊತ್ತಿಗೆ ಕಳಿಸಿ. ಹತ್ತು ಗಂಟೆಗೆ ಹೋದರೆ ಬೀಗ ತೆಗೆದು, ಕಸ ಗುಡಿಸಿ, ತೊಟ್ಟಿಲಿಗೆ ಹೊಸ ಹೊದಿಕೆ ಹಾಸಿಟ್ಟಿರುತ್ತಾರೆ.

ಇಂತಿ,
ನಿವೃತ್ತ ಕಾರ್ಖಾನೆ ಕೆಲಸಗಾರ್ತಿ,
ವಿಜಯನಗರ, ಬೆಂಗಳೂರು